ಸರ್ವರ್ ಒಂದು ಕಡೆ, ಕ್ಲೈಂಟ್ ಇನ್ನೊಂದು ಕಡೆ: ಆಮ್ನಿಆರ್ಬ್ ಹಾಕಿ ಹೊಂದಿಸುವುದು ಹೇಗೆ?

“ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಇದ್ದಾಗ ಓಡ್ತಿತ್ತು. ಕ್ಲೈಂಟನ್ನು ಪಕ್ಕದ ಮಷೀನಿಗೆ ಹಾಕಿದ ತಕ್ಷಣ ಟ್ರಾನ್ಸಿಯಂಟ್ ಅಂತ ಎರರ್. ನೇಮ್ ಸರ್ವರ್ ಮಾತ್ರ ಸಿಗ್ತಿದೆ. ಏನು ಮಾಡ್ಲಿ?”

ಒಂದು ಮಷೀನಿನ ಪ್ರೋಗ್ರಾಮ್ ಇನ್ನೊಂದು ಮಷೀನಿನ ಪ್ರೋಗ್ರಾಮನ್ನು ಜಾಲದ ಮೇಲೆ ಕರೆಯಲು ಇರುವ ಹಳೆಯ ಮಾನದಂಡ ಕೋರ್ಬಾ. ಅದರ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ. ಕೇಳುವ ಮಾತು ಬೇರೆ ಬೇರೆ, ತೊಂದರೆ ಒಂದೇ. ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಮೊದಲಿನಿಂದ ಕೊನೆವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

“ಈ ಕಾಲದಲ್ಲೂ ಕೋರ್ಬಾನಾ?” ಅಂತ ಕೇಳುವವರಿದ್ದಾರೆ. ಇದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ನಿಜ. 2018ರಲ್ಲಿ ಬಂದ ಜಾವಾ 11 ತನ್ನ ಜೊತೆಗಿದ್ದ ಕೋರ್ಬಾ ಭಾಗವನ್ನು ಪೂರ್ತಿ ತೆಗೆದುಹಾಕಿತು, ಅದೂ ನಿಜ. ಆದರೂ ವಿಜ್ಞಾನದ ದೊಡ್ಡ ಯಂತ್ರಗಳನ್ನು ನಡೆಸುವ ಟ್ಯಾಂಗೋ ಎಂಬ ನಿಯಂತ್ರಣ ವ್ಯವಸ್ಥೆ, ಚಿಲಿಯ ಆಲ್ಮಾ ದೂರದರ್ಶಕದ ತಂತ್ರಾಂಶ, ರೋಬಾಟ್‌ಗಳಿಗೆ ಬಳಸುವ ಓಪನ್‌ಆರ್‌ಟಿಎಂ ಇವೆಲ್ಲ ಇದರ ಮೇಲೆ ಕಟ್ಟಿದವು. ಅಂಥ ಕಡೆ ಕೆಲಸಕ್ಕೆ ಸೇರಿದವರಿಗೆ ಇದು ತಪ್ಪಿದ್ದಲ್ಲ. ಹೊಸದಾಗಿ ಏನಾದರೂ ಕಟ್ಟುವವರಿಗೆ ನಾನು ಕೋರ್ಬಾ ಹೇಳುವುದಿಲ್ಲ. ಇರುವುದನ್ನು ನಡೆಸಬೇಕಾದವರಿಗೆ ಈ ಬರಹ.

ಕೋರ್ಬಾ ನಡೆಸಲು ಬೇಕಾದ ಲೈಬ್ರರಿಯಾಗಿ ನಾನು ಬಳಸುವುದು ಆಮ್ನಿಆರ್ಬ್. ಕೇಂಬ್ರಿಜ್‌ನ ಒಲಿವೆಟ್ಟಿ ಸಂಶೋಧನಾಲಯದಲ್ಲಿ ಹುಟ್ಟಿದ್ದು. ಮುಕ್ತ ತಂತ್ರಾಂಶ, ಸಿ ಪ್ಲಸ್ ಪ್ಲಸ್ ಮತ್ತು ಪೈಥಾನ್ ಎರಡಕ್ಕೂ ಸಿಗುತ್ತದೆ, ಹಗುರವಾಗಿದೆ.

ಒಂದು ಸೂಚನೆ. ಕಮಾಂಡುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅನ್ನುವುದು ಗೊತ್ತಲ್ವಾ? ಆಮ್ನಿಆರ್ಬ್ ಎಂದು ಬರೆಯುವಾಗ ‘ಆಮ್ನಿ’ ಸಣ್ಣಕ್ಷರ, ‘ಆರ್ಬ್’ ದೊಡ್ಡಕ್ಷರ. ಅದರ ನೇಮ್ ಸರ್ವಿಸ್ ಪ್ರೋಗ್ರಾಮಾದ ಆಮ್ನಿನೇಮ್ಸ್‌ನಲ್ಲಿ ‘ನೇಮ್ಸ್’ನ ಮೊದಲಕ್ಷರ ದೊಡ್ಡದು. ಪ್ಯಾಕೇಜ್ ಹೆಸರುಗಳು ಮಾತ್ರ ಪೂರ್ತಿ ಸಣ್ಣಕ್ಷರ.

ಮೊದಲು ನಾಲ್ಕು ಪದ

ಆರ್ಬ್: ನಿಮ್ಮ ಪ್ರೋಗ್ರಾಮಿನೊಳಗೆ ಕೂತು, ಬೇರೆ ಮಷೀನಿನಲ್ಲಿರುವ ಆಬ್ಜೆಕ್ಟನ್ನು ಪಕ್ಕದಲ್ಲೇ ಇರುವಂತೆ ಕರೆಯಲು ಬಿಡುವ ಲೈಬ್ರರಿ. ಕರೆ, ಉತ್ತರ ಎರಡನ್ನೂ ಜಾಲದ ಮೇಲೆ ದಾಟಿಸುವುದು ಇದರ ಕೆಲಸ.

ಐಡಿಎಲ್: ಆ ಆಬ್ಜೆಕ್ಟಿಗೆ ಏನೇನು ಕೇಳಬಹುದು, ಏನು ಉತ್ತರ ಬರುತ್ತದೆ ಎಂದು ಬರೆದಿಡುವ ಒಪ್ಪಂದದ ಭಾಷೆ. ಸರ್ವರ್, ಕ್ಲೈಂಟ್ ಎರಡಕ್ಕೂ ಒಂದೇ ಒಪ್ಪಂದ ಇರಬೇಕು.

ಐಓಆರ್: ಆಬ್ಜೆಕ್ಟಿನ ಪೂರ್ತಿ ವಿಳಾಸ. ನೋಡಲು ಉದ್ದನೆಯ ಅಂಕಿ-ಅಕ್ಷರಗಳ ಸರಮಾಲೆ. ಅದರೊಳಗೆ ಐಪಿ ವಿಳಾಸ, ಪೋರ್ಟ್, ಆಬ್ಜೆಕ್ಟಿನ ಗುರುತು ಎಲ್ಲ ಅಡಗಿವೆ.

ನೇಮ್ ಸರ್ವಿಸ್: ಹೆಸರು ಕೊಟ್ಟರೆ ಐಓಆರ್ ಕೊಡುವ ಪುಸ್ತಕ. ಅಷ್ಟೇ ಅದರ ಕೆಲಸ. ನಿಮ್ಮ ಕರೆ ಅದರ ಮೂಲಕ ಹಾದುಹೋಗುವುದಿಲ್ಲ. ವಿಳಾಸ ಸಿಕ್ಕಮೇಲೆ ಕ್ಲೈಂಟ್ ನೇರವಾಗಿ ಸರ್ವರ್ ಬಾಗಿಲಿಗೇ ಹೋಗುತ್ತದೆ.

ಈ ಕೊನೆಯ ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಮೇಲಿನ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. ನೇಮ್ ಸರ್ವಿಸ್ ಸಿಕ್ಕಿತು ಅಂದರೆ ಪುಸ್ತಕ ಸಿಕ್ಕಿತು, ಅಷ್ಟೇ. ಪುಸ್ತಕದಲ್ಲಿ ಬರೆದ ವಿಳಾಸ ಸರಿಯಿದೆಯೇ ಎಂಬುದು ಬೇರೆ ಮಾತು.

ಉದಾಹರಣೆಗೆ ಮೂರು ಮಷೀನ್ ಇಟ್ಟುಕೊಳ್ಳೋಣ. ‘ಪುಸ್ತಕ’ ಎಂಬ ಮಷೀನಿನಲ್ಲಿ (192.168.10.5) ನೇಮ್ ಸರ್ವಿಸ್. ‘ಕೆಲಸ’ದಲ್ಲಿ (192.168.10.6) ಸರ್ವರ್. ‘ಗಿರಾಕಿ’ಯಲ್ಲಿ (192.168.10.7) ಕ್ಲೈಂಟ್. ನಿಮ್ಮ ಹತ್ತಿರ ಎರಡೇ ಇದ್ದರೆ ಮೊದಲೆರಡನ್ನು ಒಂದರಲ್ಲೇ ಇಡಿ.

1. ಹೆಸರು, ವಿಳಾಸ ಮೊದಲು ಸರಿಮಾಡಿ

ಪ್ಯಾಕೇಜ್ ಹಾಕುವ ಆತುರ ಬೇಡ. ಮೊದಲು ಮೂರೂ ಮಷೀನುಗಳಿಗೆ ಬದಲಾಗದ ಐಪಿ ವಿಳಾಸ ಕೊಡಿ. ಪ್ರತಿ ಸಲ ರೂಟರ್ ಹೊಸ ವಿಳಾಸ ಕೊಡುತ್ತಿದ್ದರೆ ಮುಂದೆ ಬರೆದದ್ದೆಲ್ಲ ವ್ಯರ್ಥ.

ಆಮೇಲೆ ಪ್ರತಿ ಮಷೀನಿನ ಈಟಿಸಿ ಡೈರೆಕ್ಟರಿಯಲ್ಲಿರುವ ಹೋಸ್ಟ್ಸ್ ಫೈಲ್ ತೆಗೆಯಿರಿ. ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ ಮಷೀನಿನ ಸ್ವಂತ ಹೆಸರಿನ ಮುಂದೆ 127.0.1.1 ಎಂದು ಇರುತ್ತದೆ. ಅಂದರೆ ‘ಕೆಲಸ’ವನ್ನು “ನಿನ್ನ ವಿಳಾಸ ಏನು?” ಎಂದು ಕೇಳಿದರೆ “ನಾನು ಇಲ್ಲೇ ಇದ್ದೀನಿ” ಅನ್ನುತ್ತದೆ. ಹೊರಗಿನವರಿಗೆ ಈ ಉತ್ತರದಿಂದ ಏನೂ ಉಪಯೋಗವಿಲ್ಲ. ಆ ಸಾಲು ತೆಗೆದು ನಿಜವಾದ ವಿಳಾಸ ಬರೆಯಿರಿ. ಮೂರೂ ಫೈಲಿನಲ್ಲಿ ಮೂರೂ ಹೆಸರು ಇರಲಿ.

ಪ್ರತಿ ಮಷೀನಿನಿಂದ ಉಳಿದ ಎರಡನ್ನೂ ಹೆಸರು ಹಿಡಿದು ಪಿಂಗ್ ಮಾಡಿ. ಇಲ್ಲಿ ಎಡವಿದರೆ ಮುಂದೆ ಹೋಗಬೇಡಿ.

ಪೋರ್ಟ್‌ಗಳನ್ನೂ ಈಗಲೇ ತೀರ್ಮಾನಿಸಿ ಒಂದು ಚೀಟಿಯಲ್ಲಿ ಬರೆದಿಡಿ. ನೇಮ್ ಸರ್ವಿಸ್‌ಗೆ 2809, ಅದು ರೂಢಿಯ ಪೋರ್ಟ್. ಸರ್ವರ್‌ಗೆ 2810 ಅಂತ ಇಟ್ಟುಕೊಳ್ಳೋಣ.

2. ಪ್ಯಾಕೇಜ್ ಹಾಕಿ

ಡೆಬಿಯನ್, ಉಬುಂಟುಗಳಲ್ಲಿ ಸುಲಭ. ‘ಪುಸ್ತಕ’ದಲ್ಲಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಆಮ್ನಿಆರ್ಬ್ ಆಮ್ನಿಆರ್ಬ್-ನೇಮ್‌ಸರ್ವರ್

‘ಕೆಲಸ’, ‘ಗಿರಾಕಿ’ ಎರಡರಲ್ಲೂ:

ಸುಡೊ ಆಪ್ಟ್ ಇನ್‌ಸ್ಟಾಲ್ ಆಮ್ನಿಆರ್ಬ್ ಆಮ್ನಿಐಡಿಎಲ್ ಆಮ್ನಿಐಡಿಎಲ್-ಪೈಥಾನ್ ಪೈಥಾನ್3-ಆಮ್ನಿಆರ್ಬ್

ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುವವರು ಲಿಬ್‌ಆಮ್ನಿಆರ್ಬ್4-ಡೆವ್ ಕೂಡ ಹಾಕಿಕೊಳ್ಳಿ. ನೇಮ್‌ಸರ್ವರ್ ಪ್ಯಾಕೇಜನ್ನು ಮೂರೂ ಕಡೆ ಸುಮ್ನೆ ಹಾಕಬೇಡಿ. ಮೂರು ಪುಸ್ತಕ ತೆರೆದುಕೊಳ್ಳುತ್ತವೆ. ಸರ್ವರ್ ಒಂದರಲ್ಲಿ ಬರೆಯುತ್ತದೆ, ಕ್ಲೈಂಟ್ ಇನ್ನೊಂದರಲ್ಲಿ ಹುಡುಕುತ್ತದೆ. ಇದನ್ನು ಕಂಡುಹಿಡಿಯಲು ಎಷ್ಟೋ ಜನ ಅರ್ಧ ದಿನ ಕಳೆದಿದ್ದಾರೆ.

ಸೋರ್ಸ್‌ನಿಂದ ಕಟ್ಟುವುದಾದರೆ ಸಿ ಪ್ಲಸ್ ಪ್ಲಸ್ ಕಂಪೈಲರ್ ಜೊತೆಗೆ ಪೈಥಾನ್ ಕೂಡ ಬೇಕು, ಐಡಿಎಲ್ ಕಂಪೈಲರ್ ಅದನ್ನು ನೆಚ್ಚಿಕೊಂಡಿದೆ. ಬೇರೆ ಡೈರೆಕ್ಟರಿ ಮಾಡಿಕೊಂಡು ಅಲ್ಲಿಂದ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಕೊನೆಗೆ ಎಲ್‌ಡಿಕಾನ್ಫಿಗ್ ಓಡಿಸಲು ಮರೆಯಬೇಡಿ. ಮರೆತರೆ “ಲೈಬ್ರರಿ ಸಿಗಲಿಲ್ಲ” ಎಂಬ ಎರರ್ ಬರುತ್ತದೆ, ನೀವು ಕಟ್ಟಿದ್ದೇ ತಪ್ಪು ಅಂದುಕೊಳ್ಳುತ್ತೀರಿ. ಪೈಥಾನ್ ಭಾಗ ಬೇರೆಯೇ ಬರುತ್ತದೆ. ಅದರ ಆವೃತ್ತಿ ಮೂಲ ಲೈಬ್ರರಿಯ ಆವೃತ್ತಿಗೆ ಹೊಂದಬೇಕು.

3. ನೇಮ್ ಸರ್ವಿಸ್ ಏಳಿಸಿ

ಡೆಬಿಯನ್ ಪ್ಯಾಕೇಜ್ ಹಾಕಿದ್ದರೆ ಅದು ತಾನಾಗಿಯೇ ಎದ್ದಿರುತ್ತದೆ. ‘ಎಸ್ಎಸ್ -ಎಲ್‌ಟಿಎನ್‌ಪಿ’ ಕೊಟ್ಟು 2809 ಕೇಳಿಸಿಕೊಳ್ಳುತ್ತಿದೆಯೇ ನೋಡಿ. ಅದರ ಮೇಲೆ ನೀವು ಕೈಯಾರೆ ಇನ್ನೊಂದು ಏಳಿಸಲು ಹೋದರೆ ಪೋರ್ಟ್ ಖಾಲಿ ಇಲ್ಲ ಎಂದು ನಿಲ್ಲುತ್ತದೆ.

ಕೈಯಾರೆ ಏಳಿಸುವವರಿಗೆ, ಮೊದಲ ಸಲ ಮಾತ್ರ:

ಆಮ್ನಿನೇಮ್ಸ್ -ಸ್ಟಾರ್ಟ್ 2809

ಎರಡನೇ ಸಲದಿಂದ ‘-ಸ್ಟಾರ್ಟ್’ ಇಲ್ಲದೆ ಬರೀ ಆಮ್ನಿನೇಮ್ಸ್ ಸಾಕು. ಮೊದಲ ಸಲ ಅದು ಒಂದು ದಾಖಲೆ ಫೈಲ್ ಬರೆದುಕೊಳ್ಳುತ್ತದೆ, ಪೋರ್ಟ್ ಸಂಖ್ಯೆಯೂ ಅದರಲ್ಲೇ ಇರುತ್ತದೆ. ಫೈಲ್ ಇದ್ದೂ ‘-ಸ್ಟಾರ್ಟ್’ ಕೊಟ್ಟರೆ “ಫೈಲ್ ಆಗಲೇ ಇದೆ” ಎಂದು ಜಗಳ ತೆಗೆಯುತ್ತದೆ. ಆಗ ಸಿಟ್ಟಿನಲ್ಲಿ ಫೈಲ್ ಅಳಿಸಬೇಡಿ. ನಿಮ್ಮ ಎಲ್ಲ ಹೆಸರುಗಳೂ ಅದರಲ್ಲೇ ಇವೆ.

ಆ ಫೈಲಿನ ಬಗ್ಗೆ ಇನ್ನೊಂದು ಗುಟ್ಟು. ಅದರ ಹೆಸರಿನಲ್ಲಿ ಮಷೀನಿನ ಹೆಸರು ಸೇರಿರುತ್ತದೆ. ಮುಂದೊಂದು ದಿನ ಮಷೀನಿಗೆ ಹೊಸ ಹೆಸರಿಟ್ಟರೆ ನೇಮ್ ಸರ್ವಿಸ್ ಹಳೆಯ ಫೈಲನ್ನು ಗುರುತಿಸುವುದಿಲ್ಲ. ಪುಸ್ತಕ ಕಳೆದುಹೋಯಿತು ಎಂದು ಗಾಬರಿ ಬೀಳಬೇಡಿ, ಡೆಬಿಯನ್‌ನಲ್ಲಾದರೆ ವಾರ್ ಡೈರೆಕ್ಟರಿಯ ಲಿಬ್ ಒಳಗಿನ ಆಮ್ನಿಆರ್ಬ್ ಎಂಬಲ್ಲಿ ಹುಡುಕಿ.

ಎದ್ದಮೇಲೆ ಪರದೆಯ ಮೇಲೆ ‘ರೂಟ್ ಕಾಂಟೆಕ್ಸ್ಟ್ ಈಸ್’ ಎಂದು ಒಂದು ಉದ್ದನೆಯ ಐಓಆರ್ ಬರುತ್ತದೆ. ಅದನ್ನು ನಕಲು ಮಾಡಿಟ್ಟುಕೊಳ್ಳಿ, 6ನೇ ಹಂತದಲ್ಲಿ ಬೇಕು. ಆಗಾಗ ‘ಚೆಕ್‌ಪಾಯಿಂಟಿಂಗ್’ ಎಂದು ಸಾಲುಗಳು ಬಂದರೆ ಹೆದರಬೇಡಿ. ಏನಾದರೂ ಬದಲಾಗಿದ್ದರೆ ಅದನ್ನು ಡಿಸ್ಕಿಗೆ ಬರೆದುಕೊಳ್ಳುತ್ತಿದೆ, ಅಷ್ಟೇ.

4. ಕಾನ್ಫಿಗ್ ಫೈಲ್ ಬರೆಯಿರಿ

ಮೂರೂ ಮಷೀನುಗಳಲ್ಲಿ ಈಟಿಸಿ ಒಳಗೆ ‘ಆಮ್ನಿಆರ್ಬ್.ಸಿಎಫ್‌ಜಿ’ ಫೈಲ್ ತೆಗೆದು ಈ ಸಾಲು ಹಾಕಿ:

ಇನಿಟ್‌ರೆಫ್ = ನೇಮ್‌ಸರ್ವಿಸ್=ಕೋರ್ಬಾನೇಮ್::192.168.10.5

ಇಲ್ಲಿ ಎರಡು ಕೋಲನ್ ಇವೆ, ಗಮನಿಸಿ. ವೆಬ್ ವಿಳಾಸದ ಅಭ್ಯಾಸದಲ್ಲಿ ಕೋಲನ್ ಆದಮೇಲೆ ಎರಡು ಓರೆಗೆರೆ ಹಾಕುವವರು ಜಾಸ್ತಿ, ಅದು ನಡೆಯುವುದಿಲ್ಲ. ಪೋರ್ಟ್ ಬರೆಯದಿದ್ದರೆ 2809 ಎಂದೇ ತಿಳಿಯುತ್ತದೆ.

‘ಪುಸ್ತಕ’ದ ಫೈಲಿನಲ್ಲೂ ಲೋಕಲ್‌ಹೋಸ್ಟ್ ಎಂದು ಬರೆಯಬೇಡಿ. ಮೂರೂ ಕಡೆ ಒಂದೇ ಸಾಲು ಇದ್ದರೆ ಮುಂದೆ ತಲೆಕೆಡಿಸಿಕೊಳ್ಳುವುದು ತಪ್ಪುತ್ತದೆ.

ಈಗ ಮೂರೂ ಕಡೆಯಿಂದ, ಪುಸ್ತಕದಲ್ಲಿರುವ ಹೆಸರುಗಳನ್ನು ತೋರಿಸುವ ‘ನೇಮ್‌ಸಿಎಲ್‌ಟಿ ಲಿಸ್ಟ್’ ಓಡಿಸಿ. ಪುಸ್ತಕ ಖಾಲಿ ಇರುವುದರಿಂದ ಏನೂ ಬರದೆ ಸುಮ್ಮನೆ ಪ್ರಾಂಪ್ಟ್ ಮರಳಿದರೆ ಗೆದ್ದಿರಿ. ‘ನೋ ರಿಸೋರ್ಸಸ್’ ಎಂಬ ಎರರ್ ನಿಮ್ಮ ಪ್ರೋಗ್ರಾಮಿನಲ್ಲಿ ಬಂದರೆ ಹೆಚ್ಚಾಗಿ ಕಾನ್ಫಿಗ್ ಫೈಲನ್ನು ಅದು ಓದಿಯೇ ಇಲ್ಲ. ಹೆಸರಿನಲ್ಲಿ ದೊಡ್ಡಕ್ಷರ ತಪ್ಪಿರಬಹುದು. ಫೈಲ್ ಬೇರೆ ಕಡೆ ಇಟ್ಟಿದ್ದರೆ ‘ಆಮ್ನಿಆರ್ಬ್_ಕಾನ್ಫಿಗ್’ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ದಾರಿ ತೋರಿಸಿ. ಆ ಹೆಸರು ಮಾತ್ರ ಪೂರ್ತಿ ದೊಡ್ಡಕ್ಷರ.

5. ಚಿಕ್ಕ ಸರ್ವರ್ ಒಂದನ್ನು ‘ಕೆಲಸ’ದಲ್ಲೇ ಓಡಿಸಿ ನೋಡಿ

ನಿಮ್ಮ ದೊಡ್ಡ ಪ್ರೋಗ್ರಾಮನ್ನು ಈಗಲೇ ತರಬೇಡಿ. ಒಂದು ಇಂಟರ್‌ಫೇಸ್, ಅದರಲ್ಲಿ ಒಂದು ಆಪರೇಷನ್ ಸಾಕು. ಒಂದು ಸ್ಟ್ರಿಂಗ್ ಕೊಟ್ಟರೆ ಅದನ್ನೇ ಮರಳಿಸುವ ‘ಪ್ರತಿಧ್ವನಿ’ ಅಂತ ಇಟ್ಟುಕೊಳ್ಳಿ. ಅದರ ಐಡಿಎಲ್ ನಾಲ್ಕೈದು ಸಾಲು. ‘ಆಮ್ನಿಐಡಿಎಲ್ -ಬಿಪೈಥಾನ್’ ಕೊಟ್ಟು ಫೈಲ್ ಹೆಸರು ಹೇಳಿದರೆ ಪೈಥಾನ್ ಕೋಡ್ ಹುಟ್ಟುತ್ತದೆ. ಸಿ ಪ್ಲಸ್ ಪ್ಲಸ್‌ಗೆ ‘-ಬಿಸಿಎಕ್ಸ್‌ಎಕ್ಸ್’. ಹುಟ್ಟಿದ ಫೈಲುಗಳನ್ನು ಕೈಯಿಂದ ತಿದ್ದಬೇಡಿ. ಮುಂದಿನ ಸಲ ಓಡಿಸಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಸರ್ವರ್ ಕೋಡಿನಲ್ಲಿ ಐದು ಕೆಲಸ: ಆರ್ಬ್ ಶುರುಮಾಡು, ರೂಟ್ ಪಿಓಎ ಪಡೆ, ಆಬ್ಜೆಕ್ಟ್ ಮಾಡು, ನೇಮ್ ಸರ್ವಿಸ್‌ನಲ್ಲಿ ಹೆಸರು ಬರೆ, ಪಿಓಎ ಮ್ಯಾನೇಜರನ್ನು ಆಕ್ಟಿವೇಟ್ ಮಾಡಿ ಆರ್ಬ್ ಓಡಿಸು. ಪಿಓಎ ಅಂದರೆ ಬಂದ ಕರೆಯನ್ನು ಸರಿಯಾದ ಆಬ್ಜೆಕ್ಟಿಗೆ ಮುಟ್ಟಿಸುವ ಒಳಗಿನ ವ್ಯವಸ್ಥೆ.

ಜನ ಎಡವುವುದು ಆ ಕೊನೆಯ ಕೆಲಸದಲ್ಲಿ. ಪಿಓಎ ಮ್ಯಾನೇಜರ್ ಹುಟ್ಟುವಾಗ ‘ಹೋಲ್ಡಿಂಗ್’ ಸ್ಥಿತಿಯಲ್ಲಿ ಇರುತ್ತದೆ. ಬಂದ ಕರೆಗಳನ್ನು ಸಾಲಿನಲ್ಲಿ ಕೂರಿಸುತ್ತದೆ, ಒಳಗೆ ಬಿಡುವುದಿಲ್ಲ. ಆಕ್ಟಿವೇಟ್ ಮಾಡುವ ಒಂದು ಸಾಲು ಮರೆತರೆ ಎರರೂ ಇಲ್ಲ, ಉತ್ತರವೂ ಇಲ್ಲ. ಕ್ಲೈಂಟ್ ಸುಮ್ಮನೆ ಕಾಯುತ್ತಾ ಕೂರುತ್ತದೆ. “ಹ್ಯಾಂಗ್ ಆಗಿದೆ” ಎಂದು ಬರೆಯುವವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಹೆಸರು ಬರೆಯುವಾಗ ‘ಬೈಂಡ್’ ಬದಲು ‘ರೀಬೈಂಡ್’ ಬಳಸಿ. ಬೈಂಡ್ ಆದರೆ ಎರಡನೇ ಸಲ ಸರ್ವರ್ ಎದ್ದಾಗ “ಈ ಹೆಸರು ಆಗಲೇ ಇದೆ” ಎಂದು ನಿಲ್ಲುತ್ತದೆ. ಜೊತೆಗೆ, ಕೋರ್ಬಾ ಹೆಸರಿಗೆ ಎರಡು ತುಂಡು: ಹೆಸರು ಮತ್ತು ಬಗೆ, ನಡುವೆ ಒಂದು ಚುಕ್ಕಿ. ‘ಪ್ರತಿಧ್ವನಿ’ ಬೇರೆ, ‘ಪ್ರತಿಧ್ವನಿ.ವಸ್ತು’ ಬೇರೆ. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಹುಡುಕಿದರೆ ‘ನಾಟ್‌ಫೌಂಡ್’ ಬರುತ್ತದೆ.

ಸರ್ವರ್, ಕ್ಲೈಂಟ್ ಎರಡನ್ನೂ ‘ಕೆಲಸ’ದಲ್ಲೇ ಓಡಿಸಿ. ಉತ್ತರ ಬಂತೇ? ಮುಂದಕ್ಕೆ.

6. ಐಓಆರ್ ಬಿಚ್ಚಿ ನೋಡಿ

ಈ ಹಂತವನ್ನು ಬಿಡುವವರೇ ಜಾಸ್ತಿ. ನನ್ನ ಕೇಳಿದರೆ ಉಳಿದೆಲ್ಲ ಬಿಟ್ಟರೂ ಇದನ್ನು ಬಿಡಬಾರದು.

‘ಗಿರಾಕಿ’ ಮಷೀನಿನಿಂದ:

ನೇಮ್‌ಸಿಎಲ್‌ಟಿ ರಿಸಾಲ್ವ್ ಪ್ರತಿಧ್ವನಿ

ಉದ್ದನೆಯ ಐಓಆರ್ ಬರುತ್ತದೆ. ಅದನ್ನು ಪೂರ್ತಿ ನಕಲು ಮಾಡಿ, ‘ಕ್ಯಾಟ್‌ಐಓಆರ್’ ಎಂಬ ಕಮಾಂಡಿನ ಮುಂದೆ ಅಂಟಿಸಿ ಎಂಟರ್ ಒತ್ತಿ. ಎರಡು ಮುಖ್ಯ ಸಾಲು ಕಾಣುತ್ತವೆ. ಒಂದರಲ್ಲಿ ಆಬ್ಜೆಕ್ಟಿನ ಬಗೆ. ಇನ್ನೊಂದು ಹೀಗಿರುತ್ತದೆ:

ಐಐಓಪಿ 1.2 192.168.10.6 41873

ಐಐಓಪಿ ಅಂದರೆ ಆರ್ಬ್‌ಗಳು ಟಿಸಿಪಿ ಮೇಲೆ ಮಾತಾಡಿಕೊಳ್ಳುವ ರೀತಿ. 1.2 ಅದರ ಆವೃತ್ತಿ. ಮುಂದಿನದು ಐಪಿ ವಿಳಾಸ, ಕೊನೆಯದು ಪೋರ್ಟ್. ಕ್ಲೈಂಟ್ ಕಣ್ಣುಮುಚ್ಚಿಕೊಂಡು ಹೋಗುವುದು ಈ ಬಾಗಿಲಿಗೇ.

ಈಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ವಿಳಾಸ 127ರಿಂದ ಶುರುವಾಗಿದೆಯೇ? ಹಾಗಿದ್ದರೆ ಸರ್ವರ್ ತನ್ನನ್ನು ತಾನೇ ತೋರಿಸಿಕೊಂಡಿದೆ. ಜಾವಾದ ಆರ್ಬ್‌ಗಳ ಜೊತೆ ಇದು ಪದೇ ಪದೇ ಆಗುತ್ತದೆ, ಅವು ಮಷೀನಿನ ಹೆಸರು ಹಿಡಿದು ವಿಳಾಸ ಹುಡುಕುತ್ತವೆ. 1ನೇ ಹಂತಕ್ಕೆ ಮರಳಿ.

ವಿಳಾಸ ಬೇರೆ ಯಾವುದೋ ಜಾಲದ್ದೇ? ಆಮ್ನಿಆರ್ಬ್‌ಗೆ ನೀವು ಏನೂ ಹೇಳದಿದ್ದರೆ, ಮಷೀನಿನ ಜಾಲಸಂಪರ್ಕಗಳಲ್ಲಿ ಲೂಪ್‌ಬ್ಯಾಕ್ (ಮಷೀನ್ ತನ್ನ ಜೊತೆ ತಾನೇ ಮಾತಾಡುವ 127ರ ವಿಳಾಸ) ಅಲ್ಲದ ಒಂದನ್ನು ತಾನೇ ಆರಿಸಿಕೊಳ್ಳುತ್ತದೆ. ಮಷೀನಿನಲ್ಲಿ ವಿಪಿಎನ್, ವೈಫೈ, ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಎಲ್ಲ ಇದ್ದರೆ ಅದು ಆರಿಸಿದ್ದು ನಿಮಗೆ ಬೇಕಾದ್ದೇ ಆಗಿರಬೇಕಿಲ್ಲ. ನಾನೇ ಒಮ್ಮೆ ಎರಡು ದಿನ ಫೈರ್‌ವಾಲ್ ಕೆದಕಿದ್ದೆ. ಕೊನೆಗೆ ಕ್ಯಾಟ್‌ಐಓಆರ್ ಓಡಿಸಿದಾಗ ಕಂಡದ್ದು 172.17.0.1, ಡಾಕರ್ ತಾನೇ ಮಾಡಿಕೊಂಡ ಸೇತುವೆಯ ವಿಳಾಸ. ಹೊರಗಿನ ಯಾರಿಗೂ ಅದು ಮುಟ್ಟುವ ವಿಳಾಸವೇ ಅಲ್ಲ.

ಪೋರ್ಟ್ ನಿಮ್ಮ ಚೀಟಿಯಲ್ಲಿರುವುದೇ? ಮೇಲಿನ ಸಾಲಿನಲ್ಲಿ 41873 ಇದೆ, ನಾವು ಅಂದುಕೊಂಡದ್ದು 2810. ಹೇಳದಿದ್ದರೆ ಪ್ರತಿ ಸಲ ಹೊಸ ಪೋರ್ಟ್ ಸಿಗುತ್ತದೆ. ಫೈರ್‌ವಾಲ್‌ನಲ್ಲಿ 2809 ಒಂದನ್ನೇ ತೆರೆದು ಕೂತವರ ಕಥೆ ಇದೇ. ಪುಸ್ತಕ ತೆರೆಯುತ್ತದೆ, ವಿಳಾಸ ಸಿಗುತ್ತದೆ, ಬಾಗಿಲು ಮಾತ್ರ ಮುಚ್ಚಿದೆ.

3ನೇ ಹಂತದಲ್ಲಿ ಇಟ್ಟುಕೊಂಡ ರೂಟ್ ಕಾಂಟೆಕ್ಸ್ಟ್ ಐಓಆರ್ ಅನ್ನೂ ಹೀಗೇ ಬಿಚ್ಚಿ ನೋಡಿ. ನೇಮ್ ಸರ್ವಿಸ್ ಕೂಡ ಒಂದು ಕೋರ್ಬಾ ಆಬ್ಜೆಕ್ಟೇ ಅಲ್ವಾ? ಅದರ ಸ್ವಂತ ವಿಳಾಸ ತಪ್ಪಿದ್ದರೆ 2809ಕ್ಕೆ ಸಂಪರ್ಕ ಸಿಕ್ಕರೂ ‘ನೇಮ್‌ಸಿಎಲ್‌ಟಿ ಲಿಸ್ಟ್’ ವಿಫಲವಾಗಬಹುದು.

7. ವಿಳಾಸ, ಪೋರ್ಟ್ ಎರಡನ್ನೂ ಕಟ್ಟಿಹಾಕಿ

ಸರ್ವರ್ ಏಳಿಸುವಾಗ ಹೀಗೆ ಹೇಳಿ:

ಪೈಥಾನ್3 ಸರ್ವರ್.ಪಿವೈ -ಆರ್ಬ್‌ಎಂಡ್‌ಪಾಯಿಂಟ್ ಜಿಐಓಪಿ:ಟಿಸಿಪಿ:192.168.10.6:2810

ಎಂಡ್‌ಪಾಯಿಂಟ್ ಅಂದರೆ ಸರ್ವರ್ ಕಿವಿಗೊಟ್ಟು ಕೂರುವ ಜಾಗ. ಹೀಗೆ ಬರೆದ ವಿಳಾಸವೇ ಐಓಆರ್‌ಗೂ ಹೋಗುತ್ತದೆ. ಮತ್ತೆ ಕ್ಯಾಟ್‌ಐಓಆರ್ ಓಡಿಸಿ ಖಚಿತ ಮಾಡಿಕೊಳ್ಳಿ.

ಇಲ್ಲಿ ಎರಡು ಹಳ್ಳ ಇವೆ. ಒಂದು, ನಿಮ್ಮ ಪ್ರೋಗ್ರಾಮ್ ಕಮಾಂಡ್ ಲೈನಿನ ಆರ್ಗ್ಯುಮೆಂಟುಗಳನ್ನು ಆರ್ಬ್ ಶುರುಮಾಡುವ ಕರೆಗೆ ಕೊಡದಿದ್ದರೆ ಈ ಆಯ್ಕೆ ಆರ್ಬ್‌ಗೆ ಮುಟ್ಟುವುದೇ ಇಲ್ಲ. ಎರರೂ ಬರುವುದಿಲ್ಲ. ಎರಡು, ಇದೇ ಸಾಲನ್ನು ಈಟಿಸಿಯ ಕಾನ್ಫಿಗ್ ಫೈಲಿನಲ್ಲಿ ಹಾಕುವ ಆಸೆ ಬರುತ್ತದೆ. ಹಾಕಿದರೆ ಆ ಮಷೀನಿನ ಪ್ರತಿಯೊಂದು ಆಮ್ನಿಆರ್ಬ್ ಸರ್ವರ್ 2810 ತನಗೇ ಬೇಕು ಅನ್ನುತ್ತದೆ. ಮೊದಲನೆಯದು ಏಳುತ್ತದೆ, ಎರಡನೆಯದು ಬೀಳುತ್ತದೆ. ಮಷೀನಿಗೆ ಒಂದೇ ಸರ್ವರ್ ಇದ್ದರೂ ನಾನು ಇದನ್ನು ಕಮಾಂಡ್ ಲೈನಿನಲ್ಲೇ ಇಡುತ್ತೇನೆ.

ಸರ್ವರ್ ಕಂಟೇನರಿನ ಒಳಗಿದ್ದರೆ ಅಥವಾ ನ್ಯಾಟ್ (ರೂಟರ್ ಮಾಡುವ ವಿಳಾಸ ಬದಲಾವಣೆ) ಹಿಂದೆ ಇದ್ದರೆ ಅದರ ಒಳಗಿನ ವಿಳಾಸ ಬೇರೆ, ಹೊರಗಿನವರಿಗೆ ಕಾಣುವುದು ಬೇರೆ. ಹೊರಗಿನ ವಿಳಾಸವನ್ನು ‘-ಆರ್ಬ್‌ಎಂಡ್‌ಪಾಯಿಂಟ್‌ನೋಲಿಸನ್’ ಆಯ್ಕೆಯಲ್ಲಿ ಕೊಡಿ. ಅಲ್ಲಿ ಸರ್ವರ್ ಕೂರುವುದಿಲ್ಲ, ಐಓಆರ್‌ನಲ್ಲಿ ಮಾತ್ರ ಬರೆಯುತ್ತದೆ. ಹೊರಗೆ, ಒಳಗೆ ಪೋರ್ಟ್ ಸಂಖ್ಯೆ ಒಂದೇ ಇಟ್ಟುಕೊಂಡರೆ ಗೊಂದಲ ಕಡಿಮೆ. ಇನ್ನೂ ಸುಲಭದ ದಾರಿ ಬೇಕೇ? ಕಂಟೇನರಿಗೆ ಹೋಸ್ಟ್ ಮಷೀನಿನ ಜಾಲವನ್ನೇ ಕೊಟ್ಟುಬಿಡಿ.

ಆಮೇಲೆ ಫೈರ್‌ವಾಲ್. ‘ಪುಸ್ತಕ’ದಲ್ಲಿ 2809, ‘ಕೆಲಸ’ದಲ್ಲಿ 2810. ಅಷ್ಟೇ ಸಾಕು, ಅದೂ 192.168.10ರ ಜಾಲದವರಿಗೆ ಮಾತ್ರ. ಇವನ್ನು ಇಂಟರ್ನೆಟ್‌ಗೆ ತೆರೆಯಲೇಬೇಡಿ. ಸಾದಾ ಐಐಓಪಿಯಲ್ಲಿ ಗುಟ್ಟು ಕಾಯುವ ಏರ್ಪಾಡಿಲ್ಲ. ನೇಮ್ ಸರ್ವಿಸ್ ಸಿಕ್ಕ ಯಾರಾದರೂ ನಿಮ್ಮ ಹೆಸರು ಅಳಿಸಿ ತಮ್ಮ ಆಬ್ಜೆಕ್ಟ್ ಬರೆಯಬಹುದು. ನಂಬಿಕೆ ಇಲ್ಲದ ಜಾಲ ದಾಟಲೇಬೇಕಾದರೆ ಆಮ್ನಿಆರ್ಬ್‌ನಲ್ಲಿ ಎಸ್‌ಎಸ್‌ಎಲ್ ದಾರಿ ಇದೆ, ಅಥವಾ ವಿಪಿಎನ್ ಹಾಕಿ.

8. ‘ಗಿರಾಕಿ’ಯಿಂದ ಕರೆಯಿರಿ

ಮೊದಲು ‘ಎನ್‌ಸಿ -ವಿಝೆಡ್ 192.168.10.6 2810’ ಕೊಟ್ಟು ಬಾಗಿಲು ತೆರೆದಿದೆಯೇ ನೋಡಿ. ಆಮೇಲೆ ಕ್ಲೈಂಟ್ ಓಡಿಸಿ. ಉತ್ತರ ಬಂದರೆ ಸಂತೋಷ. ಬರದಿದ್ದರೆ ಎರರಿನ ಹೆಸರು ಓದಿ. ಕೋರ್ಬಾ ಎರರುಗಳಿಗೆ ಬೈಯುವವರು ಬಹಳ, ಆದರೆ ಅವು ಹೇಳುವುದು ಸ್ಪಷ್ಟವಾಗಿಯೇ ಇರುತ್ತದೆ.

ಟ್ರಾನ್ಸಿಯಂಟ್ ಬಂದರೆ ಹೆಚ್ಚಾಗಿ ಬಾಗಿಲವರೆಗೂ ಹೋಗಲಾಗಲಿಲ್ಲ ಎಂದರ್ಥ: ವಿಳಾಸ, ಪೋರ್ಟ್, ಫೈರ್‌ವಾಲ್, ಅಥವಾ ಸರ್ವರ್ ಸತ್ತಿದೆ. ಕಾಮ್ ಫೇಲ್ಯೂರ್ ಆದರೆ ಹೋಗಿದ್ದೆ, ಮಾತಿನ ನಡುವೆ ಸಂಪರ್ಕ ಕಡಿಯಿತು. ಸರ್ವರ್ ಬಿದ್ದಿದೆಯೇ ನೋಡಿ. ಆಬ್ಜೆಕ್ಟ್ ನಾಟ್ ಎಕ್ಸಿಸ್ಟ್ ಅಂದರೆ ಬಾಗಿಲು ತೆರೆದರು, ಆದರೆ “ಆ ಹೆಸರಿನವರು ಇಲ್ಲಿಲ್ಲ” ಅಂದರು. ಇದನ್ನು 10ರಲ್ಲಿ ನೋಡೋಣ. ಬ್ಯಾಡ್ ಆಪರೇಷನ್ ಅಥವಾ ಮಾರ್ಷಲ್ ಬಂದರೆ ಎರಡೂ ಕಡೆಯ ಐಡಿಎಲ್ ಒಂದೇ ಅಲ್ಲ ಎಂದು ಅನುಮಾನಿಸಿ. ಐಡಿಎಲ್ ಬದಲಿಸಿ ಒಂದೇ ಕಡೆ ಮತ್ತೆ ಕಂಪೈಲ್ ಮಾಡಿರುತ್ತೀರಿ.

ಇಷ್ಟಕ್ಕೂ ಗೊತ್ತಾಗದಿದ್ದರೆ ಕ್ಲೈಂಟನ್ನು ‘-ಆರ್ಬ್‌ಟ್ರೇಸ್‌ಲೆವೆಲ್ 25’ ಜೊತೆ ಓಡಿಸಿ. ಯಾವ ವಿಳಾಸಕ್ಕೆ ಹೋಗುತ್ತಿದೆ, ಯಾವ ಸಂದೇಶ ಕಳಿಸಿತು ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ. 40 ಕೊಟ್ಟರೆ ಸಂದೇಶದ ಒಳಗಿನ ಒಂದೊಂದು ಬೈಟ್ ಕೂಡ ಕಾಣುತ್ತದೆ. ಅಷ್ಟು ಬೇಕಾಗುವುದು ಅಪರೂಪ.

9. ರೂಢಿಯ ಕೆಲವು ಅಳತೆ ಬದಲಿಸಿ

ಹಾಕಿದಾಗ ಬರುವ ಸೆಟ್ಟಿಂಗ್‌ಗಳಲ್ಲಿ ಮೂರನ್ನು ನಾನು ಯಾವಾಗಲೂ ಬದಲಿಸುತ್ತೇನೆ. ಇವು ಕಾನ್ಫಿಗ್ ಫೈಲಿನಲ್ಲೇ ಇರಲಿ.

ಕ್ಲೈಂಟ್‌ಕಾಲ್‌ಟೈಮ್‌ಔಟ್‌ಪೀರಿಯಡ್. ಮೊದಲಿಗೆ ಇದು 0, ಅಂದರೆ ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುವುದು. ‘ಕೆಲಸ’ದ ಕೇಬಲ್ ಕಿತ್ತರೆ ಕ್ಲೈಂಟ್ ಅಲ್ಲೇ ಕೂತಿರುತ್ತದೆ. ಲೆಕ್ಕ ಮಿಲಿಸೆಕೆಂಡಿನಲ್ಲಿ, 5000 ಅಂದರೆ ಐದು ಸೆಕೆಂಡ್. ನಿಮ್ಮ ಅತಿ ನಿಧಾನದ ಕರೆಗೆ ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಜಾಸ್ತಿ ಇಡಿ. 5 ಎಂದು ಬರೆದು ಐದು ಸೆಕೆಂಡ್ ಅಂದುಕೊಂಡವರಿದ್ದಾರೆ!

ಜಿಐಓಪಿಮ್ಯಾಕ್ಸ್‌ಎಂಎಸ್‌ಜಿಸೈಜ್. ಒಂದು ಸಂದೇಶ ಎಷ್ಟು ದೊಡ್ಡದಿರಬಹುದು ಎಂಬ ಮಿತಿ, ಮೊದಲಿಗೆ 2097152 ಬೈಟ್, ಅಂದರೆ 2 ಎಂಬಿ. ಚಿತ್ರ, ಅಳತೆಗಳ ದೊಡ್ಡ ಪಟ್ಟಿ ಕಳಿಸುವವರಿಗೆ ಸಾಲದು. ಮೀರಿದರೆ ಮಾರ್ಷಲ್ ಎರರ್ ಬರುತ್ತದೆ. ಐಡಿಎಲ್ ಸರಿಯಿದ್ದೂ ಮಾರ್ಷಲ್ ಬಂತು ಅಂದರೆ ಇದನ್ನು ನೋಡಿ. ಎರಡೂ ಕಡೆ ಏರಿಸಬೇಕು.

ನೇಟಿವ್‌ಚಾರ್‌ಕೋಡ್‌ಸೆಟ್. ಸಿ ಪ್ಲಸ್ ಪ್ಲಸ್ ಕಡೆ ಇದು ಮೊದಲಿಗೆ ಐಎಸ್ಓ-8859-1, ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾಡಿದ್ದು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ನಿಮ್ಮ ‘ಪ್ರತಿಧ್ವನಿ’ಗೆ “ನಮಸ್ಕಾರ” ಎಂದು ಕಳಿಸಿ ನೋಡಿ, ಡೇಟಾ ಕನ್ವರ್ಷನ್ ಎಂಬ ಎರರ್ ಬಂದರೆ ಕಾರಣ ಇದೇ. ಎರಡೂ ಕಡೆ ಯುಟಿಎಫ್-8 ಎಂದು ಬರೆಯಿರಿ.

10. ಎಲ್ಲ ಒಮ್ಮೆ ಆರಿಸಿ, ಮತ್ತೆ ಏಳಿಸಿ

ಓಡುತ್ತಿದೆ ಎಂದು ಬಿಟ್ಟು ಹೋಗಬೇಡಿ. ‘ಕೆಲಸ’ದ ಸರ್ವರ್ ಮಾತ್ರ ನಿಲ್ಲಿಸಿ, ಮತ್ತೆ ಏಳಿಸಿ. ಮೊದಲಿನಿಂದ ಓಡುತ್ತಲೇ ಇದ್ದ ಕ್ಲೈಂಟ್ ಈಗ ಕರೆದರೆ? ಪೋರ್ಟ್ ಅದೇ, ವಿಳಾಸ ಅದೇ, ಆದರೂ ಆಬ್ಜೆಕ್ಟ್ ನಾಟ್ ಎಕ್ಸಿಸ್ಟ್ ಬರುತ್ತದೆ.

ಕಾರಣ, ರೂಟ್ ಪಿಓಎ ಕೊಡುವ ವಿಳಾಸಗಳು ಆ ಓಟಕ್ಕೆ ಮಾತ್ರ. ಸರ್ವರ್ ನಿಂತರೆ ಅವೂ ಸತ್ತವು. ಇದಕ್ಕೆ ಎರಡು ದಾರಿ. ಸುಲಭದ್ದು: ಸರ್ವರ್ ಏಳುವಾಗ ರೀಬೈಂಡ್ ಮಾಡಲಿ, ಕ್ಲೈಂಟ್ ಎರರ್ ಬಂದಾಗ ನೇಮ್ ಸರ್ವಿಸ್‌ಗೆ ಹೋಗಿ ಹೊಸ ಐಓಆರ್ ತಂದು ಇನ್ನೊಮ್ಮೆ ಪ್ರಯತ್ನಿಸಲಿ. ಚಿಕ್ಕ ವ್ಯವಸ್ಥೆಗೆ ಇದು ಸಾಕು, ನಾನು ಮಾಡುವುದೂ ಇದನ್ನೇ. ಇನ್ನೊಂದು: ಹೊಸ ಪಿಓಎ ಮಾಡಿ ಅದಕ್ಕೆ ಪರ್ಸಿಸ್ಟೆಂಟ್ ಮತ್ತು ಯೂಸರ್ ಐಡಿ ಎಂಬ ಎರಡು ನಿಯಮ ಕೊಟ್ಟು, ಆಬ್ಜೆಕ್ಟಿನ ಗುರುತನ್ನು ನೀವೇ ಇಡುವುದು. ಆಗ ಹಳೆಯ ಐಓಆರ್ ಹೊಸ ಓಟದಲ್ಲೂ ನಡೆಯುತ್ತದೆ. ಪೋರ್ಟ್ ಕಟ್ಟಿಹಾಕಿರಬೇಕು ಎಂಬುದು ಷರತ್ತು.

ಇನ್ನೊಂದು ಪರೀಕ್ಷೆ. ಸರ್ವರ್ ನಿಲ್ಲಿಸಿ ಹಾಗೇ ಬಿಟ್ಟು ‘ನೇಮ್‌ಸಿಎಲ್‌ಟಿ ಲಿಸ್ಟ್’ ಕೊಡಿ. ‘ಪ್ರತಿಧ್ವನಿ’ ಈಗಲೂ ಕಾಣುತ್ತದೆ! ಪುಸ್ತಕ ಯಾರ ಮನೆಗೂ ಹೋಗಿ ಬಾಗಿಲು ಬಡಿದು ನೋಡುವುದಿಲ್ಲ. ಪಟ್ಟಿಯಲ್ಲಿ ಹೆಸರಿದೆ ಎಂದರೆ ಸರ್ವರ್ ಬದುಕಿದೆ ಎಂದಲ್ಲ. ಬೇಡದ ಹೆಸರನ್ನು ‘ನೇಮ್‌ಸಿಎಲ್‌ಟಿ ಅನ್‌ಬೈಂಡ್’ ಕೊಟ್ಟು ನೀವೇ ತೆಗೆಯಬೇಕು.

ಕೊನೆಗೆ ಮೂರೂ ಮಷೀನ್ ರೀಬೂಟ್ ಮಾಡಿ, ಬೇಕೆಂದೇ ಹಿಂದುಮುಂದು ಕ್ರಮದಲ್ಲಿ. ‘ಕೆಲಸ’ ಮೊದಲು, ‘ಪುಸ್ತಕ’ ಆಮೇಲೆ. ನೇಮ್ ಸರ್ವಿಸ್ ಇನ್ನೂ ಎದ್ದಿಲ್ಲದಾಗ ನಿಮ್ಮ ಸರ್ವರ್ ಬಿದ್ದುಹೋದರೆ, ಏಳುವಾಗಿನ ಕೋಡಿನಲ್ಲಿ ಕೆಲವು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುವ ಲೂಪ್ ಹಾಕಿ.

ಇಷ್ಟಾದ ಮೇಲೂ ಸಿಕ್ಕಿಹಾಕಿಕೊಂಡರೆ ನನಗೆ ಬರೆಯಿರಿ. ಜೊತೆಗೆ ಕ್ಯಾಟ್‌ಐಓಆರ್ ತೋರಿಸಿದ ಸಾಲು ಮತ್ತು ಎರರಿನ ಪೂರ್ತಿ ಹೆಸರು ಕಳಿಸಿ. “ಓಡ್ತಿಲ್ಲ” ಅಂತ ಮಾತ್ರ ಬರೆದರೆ ನಾನು ಮೊದಲು ಕೇಳುವುದು ಆ ಎರಡನ್ನೇ.